ವಿಮಾನ ಸಿಬ್ಬಂದಿಯ ‘ಸ್ಟ್ಯಾಂಡ್‌ಬೈ’ ಪ್ರಯಾಣ: ಉಳಿದ ಆಸನದ ಲೆಕ್ಕಾಚಾರ

ವಿಮಾನಯಾನ ಸಂಸ್ಥೆಯ ನೌಕರರಿಗೂ ಅವರ ಮನೆಮಂದಿಗೂ ವಿಮಾನ ಪ್ರಯಾಣ ಉಚಿತ ಎಂಬ ನಂಬಿಕೆ ವ್ಯಾಪಕವಾಗಿದೆ. ಇದು ಅರ್ಧ ಸತ್ಯ. ಪೂರ್ಣ ದರ ತೆತ್ತ ಪ್ರಯಾಣಿಕರೆಲ್ಲರೂ ಕುಳಿತ ನಂತರ ಉಳಿಯುವ ಆಸನಕ್ಕಾಗಿ ಕಾಯುವ ಅವಕಾಶವಷ್ಟೇ ಅವರಿಗೆ ಬಹುಪಾಲು ದೊರೆಯುತ್ತದೆ. ಇದೇ ‘ಸ್ಟ್ಯಾಂಡ್‌ಬೈ’ ಪ್ರಯಾಣ. ಮಗ ಅಥವಾ ಮಗಳಿಗೆ ವಿಮಾನಯಾನ ಸಂಸ್ಥೆಯಲ್ಲಿ ಉದ್ಯೋಗ ದೊರೆತ ಕುಟುಂಬಗಳು ಪ್ರಯಾಣದ ಯೋಜನೆ ಹಾಕುವ ಮುನ್ನ ಈ ವ್ಯವಸ್ಥೆಯ ಒಳಹೊರಗನ್ನು ಅರಿತಿರುವುದು ಅಗತ್ಯ.

ಸೌಲಭ್ಯದ ಹಿನ್ನೆಲೆ

ವಿಮಾನದ ಆಸನವನ್ನು ದಾಸ್ತಾನು ಮಾಡಿಡಲು ಬರುವುದಿಲ್ಲ. ಬಾಗಿಲು ಮುಚ್ಚಿದ ಕ್ಷಣದಲ್ಲಿ ಖಾಲಿ ಉಳಿದ ಆಸನದ ಬೆಲೆ ಶೂನ್ಯ. ಆ ಆಸನದಲ್ಲಿ ಇನ್ನೊಬ್ಬರನ್ನು ಕೂರಿಸಿದರೆ ಸಂಸ್ಥೆಗೆ ತಗಲುವ ಹೆಚ್ಚುವರಿ ವೆಚ್ಚವೆಂದರೆ ಸ್ವಲ್ಪ ಇಂಧನ ಮತ್ತು ಊಟೋಪಚಾರ ಮಾತ್ರ. ಆದ್ದರಿಂದ ವೇತನದ ಜತೆಗೆ ಈ ಸೌಲಭ್ಯವನ್ನು ಕೊಡುವುದು ಸಂಸ್ಥೆಗಳಿಗೆ ಹೊರೆಯಾಗುವುದಿಲ್ಲ.

ಅಮೆರಿಕದ ತೆರಿಗೆ ಕಾನೂನು ಈ ತರ್ಕವನ್ನೇ ಒಪ್ಪಿಕೊಂಡಿದೆ. 1984ರಲ್ಲಿ ಅಲ್ಲಿನ ಸಂಸತ್ತು ಅಂಗೀಕರಿಸಿದ ತಿದ್ದುಪಡಿಯ ಪ್ರಕಾರ, ಸಂಸ್ಥೆಗೆ ಗಣನೀಯ ಹೆಚ್ಚುವರಿ ವೆಚ್ಚ ಉಂಟುಮಾಡದ ಸೇವೆಯನ್ನು ನೌಕರನಿಗೆ ನೀಡಿದರೆ ಅದು ತೆರಿಗೆಗೆ ಒಳಪಡುವುದಿಲ್ಲ. ಪತಿ ಅಥವಾ ಪತ್ನಿ ಹಾಗೂ ಅವಲಂಬಿತ ಮಕ್ಕಳಿಗೆ ಈ ವಿನಾಯಿತಿ ಅನ್ವಯಿಸುತ್ತದೆ. ವಿಮಾನ ಪ್ರಯಾಣದ ವಿಷಯದಲ್ಲಿ ಮಾತ್ರ ತಂದೆತಾಯಿಯನ್ನೂ ಸೇರಿಸಲಾಗಿದೆ. ಇಲ್ಲಿ ವೆಚ್ಚವೆಂದರೆ ಕೈತಪ್ಪಿದ ಆದಾಯವೂ ಸೇರುತ್ತದೆ. ಹಣ ಕೊಡಲು ಸಿದ್ಧನಿದ್ದ ಪ್ರಯಾಣಿಕನ ಸ್ಥಾನವನ್ನು ನೌಕರನಿಗೆ ಕೊಟ್ಟರೆ ಈ ಆಧಾರವೇ ಕುಸಿಯುತ್ತದೆ. ಸ್ಟ್ಯಾಂಡ್‌ಬೈ ಎಂಬ ಷರತ್ತಿನ ಮೂಲ ಇಲ್ಲಿದೆ.

ಭಾರತದಲ್ಲಿಯೂ ಇಂಥದೇ ರಿಯಾಯಿತಿ ರೂಢಿಗೆ ಬಂದಿತು. ಸಾರಿಗೆ ಸಂಸ್ಥೆಗಳು ನೌಕರರಿಗೆ ನೀಡುವ ಉಚಿತ ಪ್ರಯಾಣವನ್ನು ವೇತನೇತರ ಸೌಲಭ್ಯವೆಂದು ಎಣಿಸಿ ಮೌಲ್ಯ ಕಟ್ಟುವ ನಿಯಮದಿಂದ ವಿಮಾನಯಾನ ಹಾಗೂ ರೈಲ್ವೆ ನೌಕರರನ್ನು 1962ರ ಆದಾಯ ತೆರಿಗೆ ನಿಯಮಗಳು ಹೊರಗಿಟ್ಟಿದ್ದವು.

ಯಾರಿಗೆ, ಎಷ್ಟು?

ಸಾಮಾನ್ಯವಾಗಿ ನೌಕರ, ಬಾಳಸಂಗಾತಿ, ನಿಗದಿತ ವಯಸ್ಸಿನೊಳಗಿನ ಮಕ್ಕಳು ಮತ್ತು ತಂದೆತಾಯಿ ಈ ಸೌಲಭ್ಯಕ್ಕೆ ಅರ್ಹರು. ನಿಗದಿತ ವರ್ಷ ಸೇವೆ ಸಲ್ಲಿಸಿ ನಿವೃತ್ತರಾದವರಿಗೂ ಹಲವು ಸಂಸ್ಥೆಗಳು ಇದನ್ನು ಮುಂದುವರಿಸುತ್ತವೆ. ಕೆಲವು ಸಂಸ್ಥೆಗಳು ಸ್ನೇಹಿತರಿಗೆಂದು ವರ್ಷಕ್ಕೆ ಇಂತಿಷ್ಟು ‘ಬಡ್ಡಿ ಪಾಸ್’ ಕೊಡುತ್ತವೆ. ಅರ್ಹತೆಯ ವಿವರ ಸಂಸ್ಥೆಯಿಂದ ಸಂಸ್ಥೆಗೆ ಬೇರೆಯಾಗುತ್ತದೆ.

ಸ್ವಂತ ಸಂಸ್ಥೆಯ ವಿಮಾನದಲ್ಲಿ ಮೂಲ ದರ ಇರುವುದಿಲ್ಲ ಅಥವಾ ಅತ್ಯಲ್ಪವಿರುತ್ತದೆ. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಸರ್ಕಾರಿ ತೆರಿಗೆ ಮತ್ತು ನಿಲ್ದಾಣ ಶುಲ್ಕಗಳನ್ನು ಬಹುತೇಕ ಕೈಯಿಂದಲೇ ತೆರಬೇಕಾಗುತ್ತದೆ.

ಬೇರೆ ಸಂಸ್ಥೆಯ ವಿಮಾನವಾದರೆ ಎರಡು ಸಂಸ್ಥೆಗಳ ನಡುವೆ ಒಪ್ಪಂದ ಇರಬೇಕು. ಇದರಲ್ಲಿ ಎರಡು ಪದ್ಧತಿಗಳಿವೆ. ಹಳೆಯದು ‘ಐಡಿ’ ಪದ್ಧತಿ. ‘ಐಡಿ 90’ ಎಂದರೆ ದರದಲ್ಲಿ ಶೇ 90 ರಿಯಾಯಿತಿ, ‘ಐಡಿ 50’ ಎಂದರೆ ಅರ್ಧ ದರ. ಇನ್ನೊಂದು ‘ಜೆಡ್’ ಪದ್ಧತಿ. ಇದರಲ್ಲಿ ಸಾರ್ವಜನಿಕ ದರಕ್ಕೂ ಟಿಕೆಟ್ಟಿನ ಬೆಲೆಗೂ ಸಂಬಂಧವಿಲ್ಲ. ದೂರವನ್ನು ವಲಯಗಳಾಗಿ ವಿಂಗಡಿಸಿ, ಪ್ರತಿ ವಲಯಕ್ಕೆ ಕಡಿಮೆ, ಮಧ್ಯಮ, ಹೆಚ್ಚು ಎಂಬ ಮೂರು ಹಂತದ ದರ ನಿಗದಿಪಡಿಸಲಾಗಿದೆ. ಯಾವ ಹಂತ ಎಂಬುದನ್ನು ಆಯಾ ಸಂಸ್ಥೆಗಳ ಒಪ್ಪಂದ ನಿರ್ಧರಿಸುತ್ತದೆ. ಲುಫ್ತಾನ್ಸಾ ಸಿಸ್ಟಮ್ಸ್ ರೂಪಿಸಿದ ‘ಮೈ ಐಡಿ ಟ್ರಾವೆಲ್’ ತಾಣದ ಮೂಲಕ ಹಲವು ಸಂಸ್ಥೆಗಳ ನೌಕರರು ಇಂತಹ ಟಿಕೆಟ್ ಪಡೆಯುತ್ತಾರೆ. ಬಳಸದೆ ಉಳಿದ ಟಿಕೆಟ್ಟಿನ ಹಣ ಸಾಮಾನ್ಯವಾಗಿ ಹಿಂತಿರುಗುತ್ತದೆ.

ಸರದಿ ಹೇಗೆ ಬರುತ್ತದೆ?

ನೌಕರ ಮೊದಲು ತಾನು ಹೋಗಬೇಕಾದ ವಿಮಾನಕ್ಕೆ ಹೆಸರು ನೋಂದಾಯಿಸಬೇಕು. ಚೆಕ್-ಇನ್ ಆದ ನಂತರ ಆ ಹೆಸರು ಕಾಯುವವರ ಪಟ್ಟಿಗೆ ಸೇರುತ್ತದೆ. ಪಟ್ಟಿಯಲ್ಲಿ ಸ್ವಂತ ಸಂಸ್ಥೆಯ ನೌಕರರು ಹಾಗೂ ಅವರ ಹತ್ತಿರದ ಕುಟುಂಬದವರು ಮೇಲೆ, ಬಡ್ಡಿ ಪಾಸಿನವರು ಮತ್ತು ಇತರ ಸಂಸ್ಥೆಗಳ ನೌಕರರು ಕೆಳಗೆ ಇರುವುದು ವಾಡಿಕೆ. ಒಂದೇ ದರ್ಜೆಯವರ ನಡುವಿನ ಕ್ರಮಕ್ಕೆ ಅಮೆರಿಕದ ಯುನೈಟೆಡ್ ಸಂಸ್ಥೆ ಸೇವಾ ಹಿರಿತನವನ್ನು ನೋಡಿದರೆ, ಅಮೆರಿಕನ್ ಏರ್‌ಲೈನ್ಸ್ ಯಾರು ಮೊದಲು ಚೆಕ್-ಇನ್ ಮಾಡಿದರು ಎಂಬುದನ್ನು ಗಮನಿಸುತ್ತದೆ.

ಗಣಕದಲ್ಲಿ ಹತ್ತು ಆಸನ ಖಾಲಿ ಕಂಡರೂ ಹತ್ತು ಮಂದಿಗೆ ಅವಕಾಶ ಸಿಗುತ್ತದೆ ಎಂಬ ಖಾತರಿಯಿಲ್ಲ. ಹಿಂದಿನ ವಿಮಾನ ರದ್ದಾದರೆ ಅದರ ಪ್ರಯಾಣಿಕರಿಗೆ ಮೊದಲ ಆದ್ಯತೆ. ತೂಕದ ಮಿತಿಯೂ ಅಡ್ಡ ಬರಬಹುದು. ಸಮುದ್ರಮಟ್ಟದಿಂದ 1,600 ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಡೆನ್ವರ್‌ನಂತಹ ನಿಲ್ದಾಣದಲ್ಲಿ ಗಾಳಿ ತೆಳು. ಬೇಸಿಗೆಯಲ್ಲಿ ಅದು ಇನ್ನಷ್ಟು ತೆಳುವಾಗಿ ವಿಮಾನ ಹೊರಬಲ್ಲ ಭಾರ ಇಳಿಯುತ್ತದೆ. ಪ್ರಬಲ ಎದುರುಗಾಳಿ ಇರುವ ದೂರದ ಹಾರಾಟಗಳಲ್ಲಿ ಹೆಚ್ಚುವರಿ ಇಂಧನ ತುಂಬಿಸಬೇಕಾಗುತ್ತದೆ. ಆಗ ಆಸನ ಖಾಲಿಯಿದ್ದರೂ ಸ್ಟ್ಯಾಂಡ್‌ಬೈ ಪಟ್ಟಿಯವರು ನೆಲದ ಮೇಲೆಯೇ ಉಳಿಯುತ್ತಾರೆ.

ಗೊಂದಲಕ್ಕೆ ಎಡೆಮಾಡಿದ ಪ್ರಕರಣ

2017ರ ಏಪ್ರಿಲ್ 9ರಂದು ಷಿಕಾಗೊದಿಂದ ಲೂಯಿವಿಲ್‌ಗೆ ಹೊರಟಿದ್ದ ಯುನೈಟೆಡ್ ಎಕ್ಸ್‌ಪ್ರೆಸ್ ವಿಮಾನದಿಂದ ವೈದ್ಯ ಡೇವಿಡ್ ಡಾವೊ ಅವರನ್ನು ಎಳೆದು ಹೊರಹಾಕಿದ ದೃಶ್ಯ ಜಗತ್ತಿನಾದ್ಯಂತ ಆಕ್ರೋಶ ಉಂಟುಮಾಡಿತು. ನಾಲ್ವರು ಸಿಬ್ಬಂದಿಗೆ ಆಸನ ಬೇಕಾಗಿತ್ತು ಎಂಬುದು ಅದಕ್ಕೆ ಕಾರಣ. ಆದರೆ ಅವರು ಸ್ಟ್ಯಾಂಡ್‌ಬೈ ಪ್ರಯಾಣಿಕರಾಗಿರಲಿಲ್ಲ. ಮತ್ತೊಂದು ವಿಮಾನದಲ್ಲಿ ಕರ್ತವ್ಯಕ್ಕೆ ಹಾಜರಾಗಬೇಕಿದ್ದ ಸಿಬ್ಬಂದಿಯಾಗಿದ್ದರು. ಕರ್ತವ್ಯದ ಮೇಲಿನ ಪ್ರಯಾಣಕ್ಕೆ ಖಚಿತ ಆಸನವಿರುತ್ತದೆ. ರಜೆಯ ಪ್ರಯಾಣಕ್ಕೆ ಇರುವುದಿಲ್ಲ. ಘಟನೆಯ ನಂತರ, ಕರ್ತವ್ಯದ ಮೇಲೆ ಸಾಗುವ ಸಿಬ್ಬಂದಿಗೆ ವಿಮಾನ ಹೊರಡುವ ಕನಿಷ್ಠ 60 ನಿಮಿಷ ಮೊದಲೇ ಆಸನ ನಿಗದಿಯಾಗಬೇಕೆಂಬ ನಿಯಮವನ್ನು ಯುನೈಟೆಡ್ ಜಾರಿಗೆ ತಂದಿತು.

ಅದೇ ವರ್ಷದ ಮಾರ್ಚ್ 26ರಂದು ಡೆನ್ವರ್‌ನಲ್ಲಿ ನೌಕರರ ಪಾಸಿನ ಮೇಲೆ ಹೊರಟಿದ್ದ ಇಬ್ಬರು ಬಾಲಕಿಯರನ್ನು ಲೆಗ್ಗಿಂಗ್ಸ್ ಧರಿಸಿದ್ದಕ್ಕಾಗಿ ಯುನೈಟೆಡ್ ತಡೆದಿತ್ತು. ಪಾಸಿನಲ್ಲಿ ಹೋಗುವವರು ಸಂಸ್ಥೆಯ ಪ್ರತಿನಿಧಿಗಳಂತೆ. ಸಾಮಾನ್ಯ ಪ್ರಯಾಣಿಕರಿಗಿಲ್ಲದ ವಸ್ತ್ರಸಂಹಿತೆ ಅವರಿಗಿದೆ ಎಂಬುದು ಸಂಸ್ಥೆಯ ವಾದವಾಗಿತ್ತು. ಕುಟುಂಬದವರ ವರ್ತನೆಗೂ ನೌಕರನೇ ಹೊಣೆ. ಪಾಸು ಮಾರಿಕೊಂಡರೆ ಸೌಲಭ್ಯವಷ್ಟೇ ಅಲ್ಲ, ನೌಕರಿಯೂ ಹೋಗಬಹುದು.

ನಡುದಾರಿಯಲ್ಲಿ ಉಳಿದರೆ?

ಈ ಪ್ರಯಾಣದ ನಿಜವಾದ ಬೆಲೆ ತಿಳಿಯುವುದು ಆಸನ ಸಿಗದಾಗ. ಹೋಟೆಲು, ಊಟ, ಮುಂದಿನ ಟಿಕೆಟ್ ಎಲ್ಲವೂ ಪ್ರಯಾಣಿಕನದೇ ಖರ್ಚು. ವಿಮಾನ ವಿಳಂಬಕ್ಕೆ ಮತ್ತು ರದ್ದತಿಗೆ ಪರಿಹಾರ ಕೊಡಿಸುವ ಯುರೋಪ್ ಒಕ್ಕೂಟದ 2004ರ 261ನೇ ನಿಯಮಾವಳಿಯು, ಉಚಿತವಾಗಿ ಅಥವಾ ಸಾರ್ವಜನಿಕರಿಗೆ ಲಭ್ಯವಿಲ್ಲದ ರಿಯಾಯಿತಿ ದರದಲ್ಲಿ ಹೋಗುವವರನ್ನು ಸ್ಪಷ್ಟವಾಗಿ ಹೊರಗಿಟ್ಟಿದೆ.

ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ಮೂಲಕ ಅಮೆರಿಕಕ್ಕೆ ಹೊರಟ ವೃದ್ಧ ದಂಪತಿಗೆ ಮೊದಲ ವಿಮಾನದಲ್ಲಿ ಆಸನ ಸಿಕ್ಕಿ ಎರಡನೆಯದರಲ್ಲಿ ಸಿಗದೆ ಹೋಗಬಹುದು. ಷೆಂಗನ್ ವೀಸಾ ಇಲ್ಲದ ಭಾರತೀಯರು ಅಲ್ಲಿ ನಿಲ್ದಾಣದಿಂದ ಹೊರಬಂದು ಊರೊಳಗೆ ತಂಗುವಂತಿಲ್ಲ. ಒಂದೇ ಆಸನ ಉಳಿದಿದ್ದರೆ ದಂಪತಿಯಲ್ಲಿ ಒಬ್ಬರು ಹೋಗಿ ಇನ್ನೊಬ್ಬರು ಉಳಿಯುವ ಪ್ರಸಂಗವೂ ಬರುತ್ತದೆ. ಹಿಂತಿರುಗುವಾಗ ಆಸನ ಸಿಗದೆ ದಿನಗಳು ಉರುಳಿದರೆ, ಪರದೇಶದಲ್ಲಿ ಉಳಿಯಲು ನೀಡಿದ ಅವಧಿಯೇ ಮುಗಿಯುವ ಅಪಾಯವಿದೆ.

ಆದ್ದರಿಂದ ಇಂತಹ ಪ್ರಯಾಣ ಕೈಗೊಳ್ಳುವವರು ಕೆಲವು ಮುನ್ನೆಚ್ಚರಿಕೆ ವಹಿಸಬೇಕು:

* ಶಾಲಾ ರಜೆ, ಡಿಸೆಂಬರ್ ಕೊನೆ ಮತ್ತು ಹಬ್ಬದ ದಿನಗಳನ್ನು ತಪ್ಪಿಸುವುದು.
* ದಿನದ ಮೊದಲ ವಿಮಾನಕ್ಕೇ ಹೆಸರು ಕೊಡುವುದು. ಅಲ್ಲಿ ತಪ್ಪಿದರೆ ಮುಂದಿನ ವಿಮಾನಗಳ ಅವಕಾಶ ಉಳಿದಿರುತ್ತದೆ.
* ಔಷಧ, ದಾಖಲೆ, ಒಂದು ಜತೆ ಬಟ್ಟೆಯನ್ನು ಕೈಚೀಲದಲ್ಲಿಯೇ ಇಟ್ಟುಕೊಳ್ಳುವುದು.
* ಅಗತ್ಯ ಬಿದ್ದರೆ ಪೂರ್ಣ ದರದ ಟಿಕೆಟ್ ಕೊಳ್ಳುವಷ್ಟು ಹಣವನ್ನು ಬೇರೆಯಾಗಿ ಇರಿಸುವುದು.

ನೌಕರಿ ಇರುವವರೆಗೆ

ಈ ಸೌಲಭ್ಯ ಸಂಸ್ಥೆಯ ಅಳಿವು ಉಳಿವಿಗೆ ಅಂಟಿಕೊಂಡಿದೆ. ಬೆಂಗಳೂರು ಮೂಲದ ಕಿಂಗ್‌ಫಿಷರ್ ಏರ್‌ಲೈನ್ಸ್ 2012ರ ಅಕ್ಟೋಬರ್‌ನಲ್ಲಿ, ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ಹಾರಾಟ ನಿಲ್ಲಿಸಿದವು. ಹಾರುವ ವಿಮಾನವೇ ಇಲ್ಲದಾಗ ಪಾಸಿಗೂ ಬೆಲೆಯಿಲ್ಲ. ಇತರ ಸಂಸ್ಥೆಗಳು ರಿಯಾಯಿತಿ ಕೊಡುವುದೂ ಪ್ರತಿಯಾಗಿ ತಮ್ಮವರಿಗೆ ಆಸನ ಸಿಗುತ್ತದೆಂಬ ಭರವಸೆಯ ಮೇಲೆಯೇ.

ಬಿಡುವಿದ್ದವರಿಗೆ, ದಿನಾಂಕದ ಹಂಗಿಲ್ಲದವರಿಗೆ ಸ್ಟ್ಯಾಂಡ್‌ಬೈ ಅಗ್ಗದ ಅನುಕೂಲ. ಮದುವೆಯ ಮುಹೂರ್ತ, ಪರೀಕ್ಷೆ, ಶಸ್ತ್ರಚಿಕಿತ್ಸೆ ಅಥವಾ ವೀಸಾ ಗಡುವು ಎದುರಿಗಿದ್ದಾಗ, ಮನೆಯಲ್ಲಿ ವಿಮಾನ ಸಂಸ್ಥೆಯ ನೌಕರರಿದ್ದರೂ, ಖಚಿತ ಟಿಕೆಟ್ ಕೊಳ್ಳುವುದೇ ಕ್ಷೇಮ.