ಲಿಪಿಕಾರ ತಿದ್ದಿದ ಸಾಲು

ಪೌಲನ ಪತ್ರಿಕೆಗಳಲ್ಲಿ ತೀರ ಚಿಕ್ಕದು ಫಿಲೆಮೋನನಿಗೆ ಬರೆದದ್ದು. ಬರೀ 25 ವಚನ. ಒಡೆಯನಿಂದ ದೂರವಾಗಿದ್ದ ದಾಸ ಒನೇಸಿಮನನ್ನು ಒಡಹುಟ್ಟಿದವನಂತೆ ಬರಮಾಡಿಕೋ ಎಂದು ಒಡೆಯನನ್ನೇ ಬೇಡಿಕೊಳ್ಳುವ ಕಾಗದ ಅದು. ಅದರ ಐದನೆಯ ವಚನದಲ್ಲಿ ಪೌಲ ಫಿಲೆಮೋನನ ಎರಡು ಗುಣಗಳನ್ನು ಹೆಸರಿಸುತ್ತಾನೆ: ಮೊದಲು ಪ್ರೀತಿ, ಆಮೇಲೆ ನಂಬಿಕೆ. ಅವು ಯಾರ ಕಡೆಗೆ ಎಂಬುದನ್ನೂ ಹೇಳುತ್ತಾನೆ: ಮೊದಲು ಯೇಸು, ಆಮೇಲೆ ದೇವಜನರು. ನಮ್ಮ ಆಲಂಕಾರಿಕರ ಯಥಾಸಂಖ್ಯದಂತೆ ಸಾಲಾಗಿ ಜೋಡಿಸಿದರೆ ನಂಬಿಕೆ ಹೋಗಿ ದೇವಜನರಿಗೆ ಅಂಟಿಕೊಳ್ಳುತ್ತದೆ. ಪೌಲ ಹಾಗೆ ಬೇರೆಲ್ಲೂ ಹೇಳುವವನಲ್ಲ. ಅಡ್ಡಹಾಯಿಸಿ ಜೋಡಿಸಿದರೆ ಎಲ್ಲವೂ ಸರಿಹೋಗುತ್ತದೆ: ನಡುವಿನ ಎರಡು, ನಂಬಿಕೆ ಮತ್ತು ಯೇಸು, ಒಂದು ಜೋಡಿ; ಹೊರಗಿನ ಎರಡು, ಪ್ರೀತಿ ಮತ್ತು ದೇವಜನರು, ಇನ್ನೊಂದು. ಈ ಅಡ್ಡಜೋಡಣೆಗೇ ಕಿಯಾಸ್ಮಸ್ ಎಂದು ಹೆಸರು. ಕತ್ತರಿಯಾಕಾರದ 'ಖೀ' ಎಂಬ ಗ್ರೀಕ್ ಅಕ್ಷರದಿಂದ ಬಂದದ್ದು.

ಇದು ಪೌಲನೇ ಹೆಣೆದದ್ದೋ, ನಾವು ಹುಡುಕಿ ಕಟ್ಟಿದ್ದೋ? ಈ ಪ್ರಶ್ನೆ ಹಿಡಿದು ಹಳೆಯ ವ್ಯಾಖ್ಯಾನಗಳ ಕಡೆಗೆ ಹೋದೆ. ಜೆ. ಬಿ. ಲೈಟ್‌ಫುಟ್ 1875ರ ತಮ್ಮ ವ್ಯಾಖ್ಯಾನದಲ್ಲಿ ಈ ವಚನವನ್ನು ಕಿಯಾಸ್ಮಸ್ ಎಂದೇ ಗುರುತಿಸಿ, ಗಲಾತ್ಯದವರಿಗೆ ಬರೆದ ಪತ್ರಿಕೆಯ ನಾಲ್ಕನೆಯ ಅಧ್ಯಾಯವನ್ನು ನೋಡಿರೆಂದು ಕೈತೋರುತ್ತಾರೆ. ಅಲ್ಲಿಯ ಕ್ರಮ ಹೀಗೆ: ಮಗ, ಧರ್ಮಶಾಸ್ತ್ರದ ಅಧೀನ, ಮತ್ತೆ ಧರ್ಮಶಾಸ್ತ್ರದ ಅಧೀನ, ಕೊನೆಗೆ ಮಗನ ಪದವಿ. ಅವರಿಗಿಂತ ಹಿಂದೆ, 1742ರ 'ಗ್ನೊಮೊನ್' ಎಂಬ ಲ್ಯಾಟಿನ್ ವ್ಯಾಖ್ಯಾನದಲ್ಲಿ, ಯೋಹಾನ್ ಆಲ್ಬ್ರೆಖ್ಟ್ ಬೆಂಗೆಲ್ ಈ ಹೆಸರನ್ನು ಹೊಸ ಒಡಂಬಡಿಕೆಯ ವಾಕ್ಯಗಳಿಗೆ ಮತ್ತೆಮತ್ತೆ ಬಳಸಿದ್ದಾರೆ. ಬೆಂಗೆಲ್ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯವರು. ನೂರು ವರ್ಷದ ನಂತರ 'ಮಂಗಳೂರ ಸಮಾಚಾರ' ಹೊರಡಿಸಿದ ಹರ್ಮನ್ ಮೋಗ್ಲಿಂಗರೂ ಅದೇ ಸೀಮೆಯಿಂದ ಬಂದವರು.

ಆದರೆ ಈ ವ್ಯಾಖ್ಯಾನಕಾರರಿಬ್ಬರೂ ನಮ್ಮ ಹತ್ತಿರದ ಕಾಲದವರು. ನನಗೆ ಬೇಕಾಗಿದ್ದದ್ದು ಪ್ರಾಚೀನ ಓದುಗನ ಸಾಕ್ಷಿ. ಹಾಗಾಗಿ ಹಸ್ತಪ್ರತಿಗಳಿಗೆ ಇಳಿದೆ. ಹೆಸರಾಂತ ವ್ಯಾಟಿಕನ್ ಪ್ರತಿಯಲ್ಲಿ ಈ ಪತ್ರಿಕೆ ಉಳಿದಿಲ್ಲ. ನಾಲ್ಕನೆಯ ಶತಮಾನದ ಸಿನಾಯ್ ಪ್ರತಿಯಲ್ಲಿ ಇದೆ. ಅಲ್ಲಿ ಪ್ರೀತಿಯೇ ಮೊದಲು. ಆಮೇಲೆ ತೆರೆದದ್ದು ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿರುವ ಕ್ಲಾರೊಮೊಂಟಾನಸ್ ಪ್ರತಿ. ಆರನೆಯ ಶತಮಾನದ್ದು; ಎಡಪುಟದಲ್ಲಿ ಗ್ರೀಕ್, ಬಲಪುಟದಲ್ಲಿ ಲ್ಯಾಟಿನ್. ಪದಗಳ ನಡುವೆ ತೆರವಿಲ್ಲದ ದಪ್ಪಕ್ಷರ, ಅರ್ಥ ನೋಡಿ ಮುರಿದ ಚಿಕ್ಕ ಚಿಕ್ಕ ಸಾಲು. ಅಲ್ಲಿ 'ಪಿಸ್ತಿಸ್' ಎಂಬ ನಂಬಿಕೆ ಮುಂದೆ ಬಂದಿದೆ, 'ಅಗಾಪೆ' ಎಂಬ ಪ್ರೀತಿ ಹಿಂದೆ ಸರಿದಿದೆ! ನಂಬಿಕೆ ಯೇಸುವಿನ ಕಡೆಗೆ, ಪ್ರೀತಿ ದೇವಜನರ ಕಡೆಗೆ, ಸಾಲಾಗಿ. ಆಥೋಸ್ ಬೆಟ್ಟದ ಮಠದಲ್ಲಿರುವ, ಹತ್ತನೆಯ ಶತಮಾನದ 1739ನೆಯ ಸಂಖ್ಯೆಯ ಪ್ರತಿಯದೂ ಇದೇ ಪಾಠ.

ಯಾವ ಪಾಠ ಮೂಲ? ಕ್ಲಿಷ್ಟಪಾಠವೇ ಗ್ರಾಹ್ಯ ಎಂಬುದು ನಮ್ಮ ಗ್ರಂಥಸಂಪಾದಕರಿಗೂ ಗೊತ್ತಿರುವ ಸೂತ್ರ. ಹೊಸ ಒಡಂಬಡಿಕೆಯ ಪಾಠಗಳಿಗೆ ಅದನ್ನು ಖಚಿತವಾಗಿ ರೂಪಿಸಿಕೊಟ್ಟವರು ಇದೇ ಬೆಂಗೆಲ್. ಅಡ್ಡಹೆಣಿಗೆಯನ್ನು ಯಾರಾದರೂ ಸಾಲಾಗಿ ಬಿಡಿಸಿಯಾರು. ನೇರ ಸಾಲನ್ನು ಸುಮ್ಮನೆ ಅಡ್ಡ ಹೆಣೆಯುವವರು ಅಪರೂಪ. ಕೊಲೊಸ್ಸೆ, ಎಫೆಸದವರಿಗೆ ಬರೆದ ಪತ್ರಿಕೆಗಳಲ್ಲಿ ನಂಬಿಕೆ ಮೊದಲು ಬರುವ ನೇರ ಕ್ರಮವೇ ಇದೆ. ಅದು ಬಾಯಿಪಾಠವಾಗಿದ್ದ ಲಿಪಿಕಾರನ ಕೈ ಇಲ್ಲೂ ಆ ಕಡೆಗೇ ವಾಲಿದ್ದು ಸಹಜ. ಪೌಲನ ಮುಂದಿನ ಮಾತೂ ಇದಕ್ಕೆ ಒತ್ತಾಸೆ. ಆರನೆಯ ವಚನದಲ್ಲಿ ನಂಬಿಕೆಯ ಮಾತು. ಏಳರಲ್ಲಿ, ನಿನ್ನ ಪ್ರೀತಿಯಿಂದ ದೇವಜನರ ಮನಸ್ಸು ತಣಿಯಿತು ಎಂಬ ಅರ್ಥದ ಮಾತು. ಪ್ರೀತಿಯನ್ನು ದೇವಜನರಿಗೆ ಕಟ್ಟಿದವನು ಪೌಲನೇ. ನನಗೆ ಇಷ್ಟು ಸಾಕ್ಷಿ ಸಾಕು.

ಇನ್ನೊಂದು ವಚನವನ್ನೂ ಹೀಗೇ ಪರೀಕ್ಷಿಸಿದೆ. ಮಾರ್ಕನ ಸುವಾರ್ತೆಯ ಎರಡನೆಯ ಅಧ್ಯಾಯದ ಕೊನೆಯಲ್ಲಿ ಸಬ್ಬತ್ತು, ಮನುಷ್ಯ, ಮನುಷ್ಯ, ಸಬ್ಬತ್ತು ಎಂದು ತಿರುಗಿ ಬರುವ ಪ್ರಸಿದ್ಧ ಮಾತಿದೆ. ಯಾರಿಗಾಗಿ ಯಾವುದು ಆಯಿತೆಂಬುದೇ ಅದರ ವಿಷಯ. ಇದೇ ಪ್ರಸಂಗವನ್ನು ಹೇಳುವ ಮತ್ತಾಯನೂ ಲೂಕನೂ ಆ ಮಾತನ್ನು ಬಿಟ್ಟಿದ್ದಾರೆ. ಕೇಂಬ್ರಿಜ್‌ನಲ್ಲಿರುವ ಬೇಜೆ ಪ್ರತಿಯಲ್ಲಿ ಮಾರ್ಕನ ಪುಟದಲ್ಲೂ ಅದಿಲ್ಲ. 1581ರಲ್ಲಿ ಆ ಪ್ರತಿಯನ್ನು ಕೇಂಬ್ರಿಜ್‌ಗೆ ಕೊಟ್ಟವರು ಜಿನೀವಾದ ಥಿಯೋಡೋರ್ ಬೇಜಾ. ಕ್ಲಾರೊಮೊಂಟಾನಸ್ ಪ್ರತಿಯೂ ಒಮ್ಮೆ ಅವರ ಬಳಿಯೇ ಇತ್ತು. ಒಂದರಲ್ಲಿ ಅಡ್ಡಹೆಣಿಗೆ ಬಿಚ್ಚಿಹೋಗಿದೆ, ಇನ್ನೊಂದರಲ್ಲಿ ಮಾತೇ ಮಾಯವಾಗಿದೆ. ಎರಡೂ ಒಬ್ಬರದೇ ಸಂಗ್ರಹದಲ್ಲಿದ್ದವು ಎಂದು ತಿಳಿದಾಗ ಮೈ ಜುಮ್ಮೆಂದಿತು.

1942ರಲ್ಲಿ ನಿಲ್ಸ್ ಲುಂಡ್ ಹೊಸ ಒಡಂಬಡಿಕೆಯ ಕಿಯಾಸ್ಮಸ್ ಮೇಲೆ ದೊಡ್ಡ ಗ್ರಂಥ ಬರೆದು, ಅದಕ್ಕೆ ಏಳು ನಿಯಮಗಳನ್ನು ಕಟ್ಟಿಕೊಟ್ಟರು. ಅಲ್ಲಿಂದ ಮುಂದೆ ಅಧ್ಯಾಯಗಳಲ್ಲಿ, ಇಡೀ ಪುಸ್ತಕಗಳಲ್ಲಿ ಈ ವಿನ್ಯಾಸ ಕಾಣುವುದು ಹೆಚ್ಚಾಯಿತು. ಲುಂಡ್ ಅವರ ಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೆ ಹತ್ತು ಪುಟದ ವಿನ್ಯಾಸಕ್ಕೆ ಶೀರ್ಷಿಕೆ ಕೊಡುವವನು ಸಂಶೋಧಕ. ಶೀರ್ಷಿಕೆ ಬದಲಿಸಿದರೆ ವಿನ್ಯಾಸವೂ ಬದಲಾಗುತ್ತದೆ. ಒಂದು ವಾಕ್ಯದೊಳಗಿನ ಅಡ್ಡಹೆಣಿಗೆಗೆ ಪದಗಳೇ ಆಧಾರ. ಫಿಲೆಮೋನನ ವಿಷಯದಲ್ಲಂತೂ ತಿದ್ದಿದ ಪಾಠವೂ ಉಳಿದಿದೆ. ಈ ಹಸ್ತಪ್ರತಿಗಳ ಚಿತ್ರಗಳನ್ನು ಪ್ಯಾರಿಸ್, ಕೇಂಬ್ರಿಜ್ ಗ್ರಂಥಾಲಯಗಳು ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿವೆ. ಗ್ರೀಕ್ ಕಲಿಯುವ ವಿದ್ಯಾರ್ಥಿಗಳು ವಿನ್ಯಾಸದ ನಕ್ಷೆ ಬರೆಯುವ ಮೊದಲು ಆ ಪುಟಗಳನ್ನೊಮ್ಮೆ ತೆರೆದು ನೋಡಲಿ.