ಹೊಳೆಯ ಕೆಳಗಿನ ಊರುಗಳು

‘ಒಬ್ಬರ ಹಕ್ಕಿಗಿಂತ ಎಲ್ಲರ ಹಿತ ದೊಡ್ಡದು’ ಎಂದು ಪೌರನೀತಿ ಪಾಠದಲ್ಲಿ ನಾವೆಲ್ಲ ಬಾಯಿಪಾಠ ಮಾಡಿದವರೇ. ಹಲವಾಗಲಿನ ಮಗ್ಗುಲಲ್ಲಿ ಹರಿಯುವ ತುಂಗಭದ್ರೆಯನ್ನೇ ಹಿಡಿದು ಹೊಸಪೇಟೆಯವರೆಗೆ ಹೋದರೆ ಈ ಮಾತು ಅಷ್ಟು ಸಲೀಸಲ್ಲ ಅನ್ನಿಸುತ್ತದೆ.

ಅಲ್ಲಿ 1945ರ ಫೆಬ್ರವರಿ 28ರಂದು ಅಣೆಕಟ್ಟಿಗೆ ಅಡಿಗಲ್ಲು ಬಿತ್ತು. ಆ ದಡ ನಿಜಾಮರದು, ಈ ದಡ ಮದ್ರಾಸ್ ಪ್ರಾಂತ್ಯದ್ದು. ಅತ್ತ ರಾಜಕುಮಾರ, ಇತ್ತ ಬ್ರಿಟಿಷ್ ಗವರ್ನರ್ ಕಲ್ಲಿಟ್ಟರು. ಉದ್ದೇಶ ದೊಡ್ಡದೇ. 1876–78ರ ಬರ ಕಂಡ ಸೀಮೆ ಇದು. ಇಂದು ಗಂಗಾವತಿ, ಸಿಂಧನೂರು, ಸಿರುಗುಪ್ಪಗಳು ಭತ್ತದ ನಾಡಾಗಿದ್ದರೆ ಅದು ಈ ನೀರಿನಿಂದ.

ಆದರೆ ಸುಮಾರು 90 ಊರುಗಳು ಮುಳುಗಡೆಗೆ ಸಿಕ್ಕವು. 50 ಸಾವಿರಕ್ಕೂ ಹೆಚ್ಚು ಜನ ನೆಲೆ ಬಿಟ್ಟರು. ನಮ್ಮ ಹೊಲಗಳು ಉಳಿದವು, ಕೆಳಗಿನ ಹಡಗಲಿ, ಹಗರಿಬೊಮ್ಮನಹಳ್ಳಿ ಸೀಮೆಯವರ ಹೊಲಗಳು ಹೋದವು. ಆಗ ಇದ್ದದ್ದು 1894ರ ಭೂಸ್ವಾಧೀನ ಕಾಯ್ದೆ. ರೈತ ತಕರಾರು ಹೇಳಬಹುದಿತ್ತು, ಆದರೆ ಸರ್ಕಾರ ‘ಸಾರ್ವಜನಿಕ ಉದ್ದೇಶ’ ಎಂದು ಸಾರಿದರೆ ಅದೇ ಕಡೇ ಮಾತು. ಪೇಟೆ ಬೆಲೆ, ಅದರ ಮೇಲೆ ಶೇ. 15. ಹೊಲವಿದ್ದವನಿಗೆ ಇಷ್ಟಾದರೂ ಉಂಟು. ಅದೇ ಹೊಲದಲ್ಲಿ ಕೂಲಿ ಮಾಡಿ ಉಣ್ಣುತ್ತಿದ್ದವನು ಕಾಯ್ದೆಯ ಲೆಕ್ಕದಲ್ಲಿ ಏನನ್ನೂ ಕಳೆದುಕೊಂಡಿರಲಿಲ್ಲ!

ನಾರಾಯಣದೇವರಕೆರೆಯವರು ದೇವರನ್ನೂ ಹೊತ್ತು ಮರಿಯಮ್ಮನಹಳ್ಳಿಗೆ ಬಂದರು. ಅವರನ್ನು ‘ವ್ಯಕ್ತಿಗಳು’ ಎಂದು ಒಂದು ಕಡೆ, ‘ಸಮಾಜ’ವನ್ನು ಇನ್ನೊಂದು ಕಡೆ ನಿಲ್ಲಿಸುವುದು ನನಗೆ ಒಪ್ಪಿಗೆಯಿಲ್ಲ. ಕೆರೆ, ಗುಡಿ, ಜಾತ್ರೆ, ಕೊಡುಕೊಳ್ಳುವಿಕೆಗಳಿದ್ದ ಊರೂ ಒಂದು ಸಮಾಜವೇ. ಒಂದು ಸಮಾಜ ಕೊಟ್ಟಿತು, ಇನ್ನೊಂದು ಪಡೆಯಿತು.

1950ರ ಸಂವಿಧಾನ ಆಸ್ತಿಯನ್ನು ಮೂಲಭೂತ ಹಕ್ಕಾಗಿಸಿತು. ಆದರೂ ಹಳೆಯ ಕಾಯ್ದೆ ಹಾಗೇ ಮುಂದುವರಿಯಿತು, 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಅದೇ ಅಕ್ಟೋಬರ್ 1ರಂದು ಬಳ್ಳಾರಿ ಸೀಮೆ ಮೈಸೂರಿಗೆ ಸೇರಿತು. 1978ರ 44ನೇ ತಿದ್ದುಪಡಿಯಿಂದ ಆಸ್ತಿ ಬರೀ ಕಾನೂನಿನ ಹಕ್ಕಾಯಿತು. ಜಮೀನ್ದಾರಿ ಮುರಿಯಲು ಆಸ್ತಿಯ ಹಕ್ಕನ್ನು ಸಡಿಲಿಸಿದ್ದು ಸರಿಯೇ. ಆದರೆ ನಾಲ್ಕೆಕರೆಯವನೂ ಅದೇ ತಕ್ಕಡಿಯಲ್ಲಿ ತೂಗಿಹೋದ.

ಮುಳುಗಡೆಯಾಗಿ 60 ವರ್ಷ ಕಳೆದ ಮೇಲೆ, 2013ರ ಹೊಸ ಕಾಯ್ದೆ ಕೂಲಿಯವನನ್ನೂ ಸಂತ್ರಸ್ತನೆಂದು ಎಣಿಸಿತು. ನೆಲ ಹಿಡಿಯುವ ಮೊದಲು ಊರಿನ ಮೇಲಾಗುವ ಪರಿಣಾಮ ಅಧ್ಯಯನ ಮಾಡಬೇಕು, ಜನರ ಅಹವಾಲು ಕೇಳಬೇಕು ಎಂದಿತು. 2019ರಲ್ಲಿ ನಮ್ಮ ರಾಜ್ಯವೇ ತಿದ್ದುಪಡಿ ತಂದು, ಕೆಲವು ಬಗೆಯ ಯೋಜನೆಗಳಿಗೆ ಆ ಅಧ್ಯಯನದಿಂದ ವಿನಾಯಿತಿ ಕೊಡಬಹುದೆಂದಿತು. ಆ ಪಟ್ಟಿಯಲ್ಲಿ ನೀರಾವರಿಯೂ ಇದೆ.