ಗುರುಗಳಿಲ್ಲದ ಊರಿನಲ್ಲಿ ವಿಶ್ವಾಸ



ಫೆಬ್ರವರಿ 6ರಂದು ಧರ್ಮಸಭೆ ಸಂತ ಪೌಲ್ ಮಿಕಿ ಮತ್ತು ಸಂಗಡಿಗರ ಹಬ್ಬವನ್ನು ಆಚರಿಸುತ್ತದೆ. 1597ರ ಫೆಬ್ರವರಿ 5ರಂದು ಜಪಾನಿನ ನಾಗಸಾಕಿಯಲ್ಲಿ, ನಿಶಿಜಾಕ ಎಂಬ ಗುಡ್ಡದ ಮೇಲೆ 26 ಮಂದಿಯನ್ನು ಶಿಲುಬೆಗೇರಿಸಿದರು. ಅವರಲ್ಲಿ ಒಬ್ಬರು ನಮ್ಮ ನಾಡಿನವರೇ. ಮುಂಬಯಿ ಬಳಿಯ ವಸಾಯಿಯಲ್ಲಿ ಹುಟ್ಟಿದ ಫ್ರಾನ್ಸಿಸ್ಕನ್ ಸಹೋದರ ಗೊನ್ಸಾಲೊ ಗಾರ್ಸಿಯಾ. ಈ ಹಬ್ಬದ ಪ್ರಬೋಧನೆಯಲ್ಲಿ ನಾವು ಗುರುಗಳು ಸಾಮಾನ್ಯವಾಗಿ ಆ ಶಿಲುಬೆಗಳ ಬುಡದಲ್ಲೇ ನಿಂತುಬಿಡುತ್ತೇವೆ. ಆದರೆ ಗುಡ್ಡದ ಕೆಳಗೆ ಬದುಕಿ ಉಳಿದವರೂ ಇದ್ದರಲ್ಲ? ಮರುದಿನ ಗದ್ದೆಗೆ ಹೋಗಬೇಕಾದವರು, ಮಕ್ಕಳನ್ನು ಸಾಕಬೇಕಾದವರು. ಅವರ ವಿಶ್ವಾಸ ಏನಾಯಿತು ಎಂಬ ಕಥೆಯನ್ನು ಈ ಬಾರಿ ನೋಡೋಣ.

ಜಪಾನಿಗೆ ಶುಭಸಂದೇಶ ಹೋದದ್ದು ನಮ್ಮ ನೆರೆಯ ಗೋವೆಯಿಂದ. ಸಂತ ಫ್ರಾನ್ಸಿಸ್ ಝೇವಿಯರ್, ಗೋವೆಯಲ್ಲಿ ಜ್ಞಾನಸ್ನಾನ ಪಡೆದ ಅಂಜಿರೊ ಎಂಬ ಜಪಾನೀಯನ ಜೊತೆ 1549ರ ಆಗಸ್ಟ್ 15ರಂದು, ಮಾತೆ ಮರಿಯಮ್ಮನವರ ಸ್ವರ್ಗಾರೋಹಣದ ಹಬ್ಬದಂದೇ, ಕಾಗೋಶಿಮದಲ್ಲಿ ಇಳಿದರು. 17ನೇ ಶತಮಾನದ ಆರಂಭಕ್ಕೆ ಅಲ್ಲಿ ಸುಮಾರು ಮೂರು ಲಕ್ಷ ಕ್ರೈಸ್ತರಿದ್ದರೆಂದು ಅಂದಾಜು. 1614ರಲ್ಲಿ ತೊಕುಗಾವ ಪ್ರಭುತ್ವ ಇಡೀ ದೇಶದಲ್ಲಿ ಕ್ರೈಸ್ತಧರ್ಮವನ್ನು ನಿಷೇಧಿಸಿತು. ಗುರುಗಳನ್ನು ಹೊರಗಟ್ಟಿದರು, ಅಡಗಿ ಉಳಿದವರನ್ನು ಒಬ್ಬೊಬ್ಬರಾಗಿ ಹಿಡಿದು ಕೊಂದರು. ಕೊನೆಯವರಾದ ಮಾನ್ಸಿಯೊ ಕೊನಿಶಿಯವರು 1644ರಲ್ಲಿ ರಕ್ತಸಾಕ್ಷಿಯಾದರು. ಅಲ್ಲಿಂದ ಮುಂದೆ ಬಲಿಪೂಜೆ ಇಲ್ಲ, ಪಾಪನಿವೇದನೆ ಇಲ್ಲ, ಪರಮಪ್ರಸಾದ ಇಲ್ಲ. ಒಂದೆರಡು ವರ್ಷವಲ್ಲ, ಇನ್ನೂರಕ್ಕೂ ಹೆಚ್ಚು ವರ್ಷ.

ಪ್ರಭುತ್ವದ ಬಲೆ ಸಣ್ಣದಾಗಿರಲಿಲ್ಲ. ಐದೈದು ಮನೆಗಳನ್ನು ಒಂದು ಗುಂಪು ಮಾಡಿ, ಒಂದು ಮನೆಯವರ ತಪ್ಪಿಗೆ ಉಳಿದ ಮನೆಗಳನ್ನೂ ಹೊಣೆ ಮಾಡಿದರು. ಪ್ರತಿಯೊಂದು ಕುಟುಂಬವೂ ಬೌದ್ಧ ದೇವಾಲಯವೊಂದರಲ್ಲಿ ಹೆಸರು ಬರೆಸಬೇಕಿತ್ತು. ಕ್ರೈಸ್ತರನ್ನು ಹಿಡಿದುಕೊಟ್ಟವರಿಗೆ ಬೆಳ್ಳಿ ನಾಣ್ಯಗಳ ಬಹುಮಾನ ಎಂದು ಫಲಕ ಹಾಕಿದರು. ನಾಗಸಾಕಿಯ ಸುತ್ತಮುತ್ತ ಪ್ರತಿ ಹೊಸ ವರ್ಷದಲ್ಲಿ ಕ್ರಿಸ್ತರ ಅಥವಾ ಮಾತೆಯ ಚಿತ್ರವನ್ನು ನೆಲದಲ್ಲಿಟ್ಟು, ಮನೆಮಂದಿಯೆಲ್ಲ ಸಾಲಾಗಿ ಬಂದು ಅದನ್ನು ತುಳಿಯಬೇಕೆಂದು ವಿಧಿಸಿದರು. ಇದಕ್ಕೆ ಫುಮಿಎ ಎಂದು ಹೆಸರು.

ಇಲ್ಲಿ ಮರೆಮಾಚದೆ ಹೇಳಬೇಕಾದ ಮಾತೊಂದಿದೆ. ಗುಪ್ತವಾಗಿ ಉಳಿದ ಕ್ರೈಸ್ತರು ತುಳಿದರು. ತುಳಿಯದಿದ್ದವರು ಸತ್ತರು, ಉಳಿದವರು ತುಳಿದವರೇ. ಹಾಗಾದರೆ ಇವರನ್ನು ವಿಶ್ವಾಸದ್ರೋಹಿಗಳೆನ್ನೋಣವೇ? ರಕ್ತಸಾಕ್ಷಿಗಳ ಸಾಲಿನಲ್ಲಿ ಇವರನ್ನು ಕೂರಿಸಲಾಗದು, ನಿಜ. ಆದರೆ ಕಾಲಿಟ್ಟು ಮನೆಗೆ ಬಂದ ಮೇಲೆ ಅವರು ಮಾಡಿದ್ದನ್ನೂ ನೋಡಬೇಕು. ಬಾಗಿಲು ಮುಚ್ಚಿ, ‘ಕೊಂಚಿರಿಸಾನ್’ ಎಂಬ ಪಶ್ಚಾತ್ತಾಪದ ಪ್ರಾರ್ಥನೆ ಹೇಳುತ್ತಿದ್ದರು. ಪೋರ್ಚುಗೀಸ್ ಭಾಷೆಯ ಪಶ್ಚಾತ್ತಾಪ ಎಂಬ ಪದದ ಜಪಾನೀ ಉಚ್ಚಾರವಿದು. ಗುರುಗಳು ಸಿಗದಾಗ ಪರಿಪೂರ್ಣ ಪಶ್ಚಾತ್ತಾಪದಿಂದ ದೇವರ ಕ್ಷಮೆ ಬೇಡುವುದು ಹೇಗೆಂದು ಕಲಿಸುವ ಕಿರುಪುಸ್ತಕವೊಂದು 1603ರಲ್ಲಿ, ನಿಷೇಧಕ್ಕೂ ಮೊದಲೇ, ಅಲ್ಲಿ ಪ್ರಕಟವಾಗಿತ್ತು. ಅದು ಕೈಬರಹದಲ್ಲಿ ಮನೆಯಿಂದ ಮನೆಗೆ, ಅಜ್ಜನಿಂದ ಮೊಮ್ಮಗನಿಗೆ ದಾಟಿತು. ತಪ್ಪನ್ನು ತಪ್ಪೆಂದು ಬಲ್ಲವರ ಮನೆಗಳಲ್ಲಿ ಮಾತ್ರ ಇಂಥ ಪುಸ್ತಕ ಉಳಿಯುತ್ತದೆ.

ಅವರ ವ್ಯವಸ್ಥೆ ನಮ್ಮ ಧರ್ಮಕೇಂದ್ರಗಳ ಸಮಿತಿಗಳನ್ನು ನಾಚಿಸುವಂಥದ್ದು. ಊರಿಗೊಬ್ಬ ಪಂಚಾಂಗದವನು: ಹಬ್ಬಗಳು, ಉಪವಾಸಗಳು, ತಪಸ್ಸುಕಾಲ ಯಾವಾಗ ಎಂದು ಲೆಕ್ಕ ಇಡುವವನು. ಇನ್ನೊಬ್ಬ ನೀರಿನವನು: ಹುಟ್ಟಿದ ಮಕ್ಕಳಿಗೆ ಜ್ಞಾನಸ್ನಾನ ಕೊಡುವವನು. ಮತ್ತೊಬ್ಬ ಸುದ್ದಿ ಮುಟ್ಟಿಸುವವನು: ಈ ವಾರ ಯಾವ ಹಬ್ಬ ಎಂದು ಮನೆಮನೆಗೆ ತಿಳಿಸುವವನು. ಪಂಚಾಂಗವನ್ನು ಬಸ್ತಿಯಾನ್ ಎಂಬ ಉಪದೇಶಿ ಬಿಟ್ಟುಹೋದನೆಂದು ಪರಂಪರೆ. ಏಳು ತಲೆಮಾರು ಕಳೆದ ಮೇಲೆ ಪಾಪನಿವೇದನೆ ಕೇಳುವ ಗುರುಗಳು ದೊಡ್ಡ ಹಡಗಿನಲ್ಲಿ ಬರುವರೆಂದೂ ಅವನೇ ಹೇಳಿದ್ದನಂತೆ. ಪ್ರಾರ್ಥನೆಗಳೆಲ್ಲ ಬಾಯಿಪಾಠ. ಮಗುವನ್ನೆತ್ತಿಕೊಂಡ ಬೌದ್ಧ ಕನ್ನೋನ್ ದೇವಿಯ ಬಿಳಿ ಪಿಂಗಾಣಿ ಮೂರ್ತಿಯ ಮುಂದೆ ಕೂತು, ಅವರು ಮನಸ್ಸಿನಲ್ಲಿ ಕಂಡದ್ದು ಮರಿಯಮ್ಮನವರನ್ನು. ನಮ್ಮ ಮನೆಗಳ ಗೋಡೆಯ ಮೇಲೂ ಹಬ್ಬದ ದಿನಗಳ ಕ್ಯಾಲೆಂಡರ್ ಇರುತ್ತದೆ. ಹೆಚ್ಚಾಗಿ ಗ್ಯಾಸ್ ಸಿಲಿಂಡರ್ ಬಂದ ತಾರೀಖು ಬರೆಯಲು.

ಮುಂದಿನದು 1865. ವಿದೇಶಿಯರಿಗಾಗಿ ನಾಗಸಾಕಿಯ ಔರದಲ್ಲಿ ಕಟ್ಟಿದ ದೇವಾಲಯ ಆ ಫೆಬ್ರವರಿಯಲ್ಲಿ ಪ್ರತಿಷ್ಠೆಯಾಗಿತ್ತು. ಅದನ್ನು ಅರ್ಪಿಸಿದ್ದು ಆ 26 ರಕ್ತಸಾಕ್ಷಿಗಳಿಗೇ. ಮಾರ್ಚ್ 17ರಂದು ಉರಕಾಮಿ ಎಂಬ ಹಳ್ಳಿಯ ಸುಮಾರು ಹದಿನೈದು ಮಂದಿ ಬಾಗಿಲಲ್ಲಿ ನಿಂತಿದ್ದರು. ಫ್ರೆಂಚ್ ಗುರು ಪೆತಿಜಾನ್ ಅವರನ್ನು ಒಳಗೆ ಬಿಟ್ಟು, ಮೊಣಕಾಲೂರಿ ಪ್ರಾರ್ಥಿಸುತ್ತಿದ್ದಾಗ, ಒಬ್ಬ ಹೆಂಗಸು ಹತ್ತಿರ ಬಂದು, ತಮ್ಮೆಲ್ಲರ ಹೃದಯವೂ ನಿಮ್ಮ ಹೃದಯವೂ ಒಂದೇ ಎಂದಳು. ಮಾತೆಯ ಪ್ರತಿಮೆ ಎಲ್ಲಿದೆ ಎಂದು ಕೇಳಿದಳು. ಪ್ರತಿಮೆಯ ಮುಂದೆ ಮಾತು ಬೆಳೆಯಿತು. ಇದು ದುಃಖದ ಕಾಲದ ಹದಿನೇಳನೇ ದಿನ, ನೀವೂ ಆಚರಿಸುತ್ತೀರಾ ಎಂದು ಅವರು ವಿಚಾರಿಸಿದರು. ಆ ವರ್ಷ ಬೂದಿ ಬುಧವಾರ ಬಿದ್ದದ್ದು ಮಾರ್ಚ್ 1ಕ್ಕೆ. ಎಣಿಸಿ ನೋಡಿ.

ಕೆಲ ವಾರಗಳ ಬಳಿಕ ಬೇರೊಂದು ಊರಿನ ನೀರಿನವನು ಬಂದು ರೋಮಿನ ಜಗದ್ಗುರುಗಳ ಬಗ್ಗೆ ವಿಚಾರಿಸಿದ. ಗುರುಗಳಿಗೆ ಹೆಂಡತಿ ಮಕ್ಕಳಿದ್ದಾರೆಯೇ ಎಂದೂ ಕೇಳಿದ. ಇಲ್ಲ ಎಂಬ ಉತ್ತರ ಕೇಳಿ ಸಂತೋಷಪಟ್ಟ. ವಿಶ್ವಾಸಕ್ಕೆ ಕಾರಣ ಕೇಳಿದವರಿಗೆ ಉತ್ತರ ಕೊಡಲು ಸಿದ್ಧರಿರಬೇಕೆಂದು ಸಂತ ಪೇತ್ರರು ಬರೆದಿದ್ದಾರೆ. ಈ ಓದುಬರಹ ಬಾರದ ರೈತರು, ಉತ್ತರ ಕೊಡುವುದಿರಲಿ, ಬಂದ ಗುರುವನ್ನೇ ಪರೀಕ್ಷೆ ಮಾಡುವಷ್ಟು ಸಿದ್ಧರಿದ್ದರು!

ಆದರೆ ನಿಷೇಧ ಇನ್ನೂ ಜಾರಿಯಲ್ಲಿತ್ತು. 1867ರಲ್ಲಿ ಉರಕಾಮಿಯವರು ತಮ್ಮ ಸತ್ತವರಿಗೆ ಬೌದ್ಧ ವಿಧಿ ಬೇಡವೆಂದು ಬಹಿರಂಗವಾಗಿ ನಿರಾಕರಿಸಿದರು. ಬಂಧನ, ಚಿತ್ರಹಿಂಸೆ ಶುರುವಾಯಿತು. ಸರ್ಕಾರ ಬದಲಾದರೂ ನೀತಿ ಬದಲಾಗಲಿಲ್ಲ. ಊರಿಗೆ ಊರನ್ನೇ, ಮೂರು ಸಾವಿರಕ್ಕೂ ಹೆಚ್ಚು ಮಂದಿಯನ್ನು, ದೂರದ ಪ್ರಾಂತ್ಯಗಳಿಗೆ ಗಡೀಪಾರು ಮಾಡಿದರು. 1873ರಲ್ಲಿ ನಿಷೇಧದ ಫಲಕಗಳು ಇಳಿಯುವ ಹೊತ್ತಿಗೆ ಆರುನೂರಕ್ಕೂ ಹೆಚ್ಚು ಜನ ಹಸಿವು, ಚಳಿ, ಹಿಂಸೆಗಳಿಂದ ಸತ್ತಿದ್ದರು. ತಲೆತಲಾಂತರದಿಂದ ಚಿತ್ರ ತುಳಿಯುತ್ತ ಬಂದ ಮನೆತನಗಳವರೇ ಇವರು. ಆ ಮುಚ್ಚಿದ ಬಾಗಿಲ ಹಿಂದಿನ ಪ್ರಾರ್ಥನೆ ವ್ಯರ್ಥವಾಗಿರಲಿಲ್ಲ ಎಂದೇ ನಮ್ಮ ಅಭಿಪ್ರಾಯ.

ಎಲ್ಲರೂ ಮರಳಿ ಬರಲಿಲ್ಲ ಎಂಬುದನ್ನೂ ಹೇಳಬೇಕು. ಇಕಿತ್ಸುಕಿ ದ್ವೀಪದಂಥ ಕಡೆ ಅನೇಕರು ಪೂರ್ವಜರ ಗುಪ್ತ ಆಚರಣೆಗಳನ್ನೇ ಹಿಡಿದು ಪ್ರತ್ಯೇಕವಾಗಿ ಉಳಿದರು. ಲತೀನ್ ಪದಗಳು ಅವರ ನಾಲಿಗೆಯಲ್ಲಿ ಸವೆದು, ಅರ್ಥ ಹೋಗಿ, ನಾದ ಮಾತ್ರ ಉಳಿದಿತ್ತು. ಅವರನ್ನು ದೂರುವ ಹಕ್ಕು ನಮಗಿಲ್ಲ. ಆದರೂ ಸಂಜೆ ಟಿ.ವಿ. ಧಾರಾವಾಹಿಯ ನಡುವಿನ ಬಿಡುವಿನಲ್ಲಿ ಅವಸರದಿಂದ ಜಪಸರ ಮುಗಿಸುವ ಮನೆಗಳಲ್ಲಿ ಮಕ್ಕಳ ಕಿವಿಗೆ ಬೀಳುವುದು ಅರ್ಥವೋ ನಾದವೋ ಎಂದು ತಂದೆತಾಯಂದಿರು ಕೇಳಿಕೊಳ್ಳಬಹುದು.

ಗಡೀಪಾರಿನಿಂದ ಮರಳಿದ ಉರಕಾಮಿಯವರ ಬಳಿ ಹೊಲ ಉಳಲು ಸರಿಯಾದ ಸಲಕರಣೆಯೂ ಇರಲಿಲ್ಲ. ಆದರೂ ಕಾಸಿಗೆ ಕಾಸು ಕೂಡಿಸಿ ಹಳ್ಳಿಯ ಹಳೆಯ ಮುಖಂಡನ ಮನೆಯನ್ನು ಅವರು ಕೊಂಡರು. ಪ್ರತಿ ಹೊಸ ವರ್ಷ ಅವರ ತಾತ ಮುತ್ತಾತಂದಿರು ಸಾಲಾಗಿ ನಿಂತು ಪವಿತ್ರ ಚಿತ್ರದ ಮೇಲೆ ಕಾಲಿಟ್ಟದ್ದು ಅದೇ ಮನೆಯಲ್ಲಿ. ಅದನ್ನೇ ಮೊದಲು ಪ್ರಾರ್ಥನಾಮಂದಿರ ಮಾಡಿಕೊಂಡರು. 1895ರಲ್ಲಿ ಅದೇ ನೆಲದ ಮೇಲೆ ದೊಡ್ಡ ದೇವಾಲಯದ ಕೆಲಸ ಶುರುಮಾಡಿ, 1914ರಲ್ಲಿ ಮುಗಿಸಿದರು.